ಯಾವ ಜಾತಿ ನಾಯಿ?

ಕುಂದಾಪುರದಿಂದ ಆಚೆ ಬೈಂದೂರು, ಈಚೆ ಬ್ರಹ್ಮಾವರ. ಎತ್ತ ಹೋದರೂ ಹೆದ್ದಾರಿ ಬಿಟ್ಟು ಒಳಗೆ ನಡೆದರೆ ಹೊಸ ಮನೆಗಳ ಗೇಟಿನಲ್ಲಿ ಒಂದು ಬೋರ್ಡು ಸಿಗುತ್ತದೆ: 'ನಾಯಿ ಇದೆ, ಎಚ್ಚರಿಕೆ'. ಬೆಂಗಳೂರು, ಮುಂಬಯಿಯ ಹೋಟೆಲ್ ದುಡ್ಡಲ್ಲಿ, ದುಬಾಯಿ ದುಡ್ಡಲ್ಲಿ ಎದ್ದ ಮನೆಗಳು. ಒಳಗೆ ವಯಸ್ಸಾದ ಗಂಡ ಹೆಂಡತಿ, ಒಂದು ನಾಯಿ. ಆ ಬೋರ್ಡು ಯಾರಿಗೆ ಬರೆದದ್ದು? ಕಾರಿನಲ್ಲಿ ಬರುವವರು ಹಾರನ್ ಹೊಡೆದರೆ ನಾಯಿಯನ್ನು ಓಡಿಬಂದು ಕಟ್ಟುತ್ತಾರೆ. ಹಾಗಾದರೆ ಕಾಲ್ನಡಿಗೆಯವರಿಗೇ ಇರಬೇಕು. ಕಾಯಿ ಕೊಯ್ಯುವವನಿಗೆ, ಮೀನು ಹೊತ್ತು ಮಾರುವವಳಿಗೆ, ಕರೆಂಟು ಬಿಲ್ಲಿನವನಿಗೆ, ಆಶಾ ಕಾರ್ಯಕರ್ತೆಗೆ, ಬುಟ್ಟಿ ಹೆಣೆದು ತರುವ ಕೊರಗರಿಗೆ.

ನಮ್ಮ ಕಾಲನಿಯ ಹೆಂಗಸೊಬ್ಬರು ಅಂಥ ಒಂದು ಮನೆಗೆ ಕೆಲಸಕ್ಕೆ ಹೋಗುತ್ತಾರೆ. ಆ ಮನೆಯದ್ದು ರಾಟ್‌ವೀಲರ್ ನಾಯಿ. ಬೆಂಗಳೂರಿನ ಮಗ ಮರಿಯಾಗಿದ್ದಾಗ ತಂದದ್ದು. ದೊಡ್ಡದಾದ ಮೇಲೆ ಅಪ್ಪ ಅಮ್ಮನ ಹತ್ತಿರ ಬಿಟ್ಟುಹೋದ. ಅದು ಸೋಫಾದ ಮೇಲೆ ಮಲಗುತ್ತದೆ. ಅದಕ್ಕೆ ಹುಟ್ಟುಹಬ್ಬ, ಕೇಕು. ಇವರ ಚಹಾ ಗ್ಲಾಸು ಮಾತ್ರ ಇಪ್ಪತ್ತು ವರ್ಷಗಳಿಂದ ಹಿಂದಿನ ಗೋಡೆಯ ಮೇಲೇ ಇದೆ. ಕೆಲಸಕ್ಕೆ ಹೋದ ಮೊದಮೊದಲು ಇವರು ಗೇಟಿನಲ್ಲಿ ನಿಂತು "ನಾಯಿ ಕಟ್ಟಿದ್ರಾ ಅಮ್ಮ?" ಅಂತ ಕೇಳಿದ್ದಕ್ಕೆ ಮನೆಯಾಕೆಗೆ ಬೇಸರವಾಯಿತು. "ಅದನ್ ನಾಯಿ ಅಂತ ಹೇಳ್ಬೇಡ ಮಾರಾಯ್ತಿ. ಅದ್ ನಮ್ಮನಿ ಮಾಣಿ" ಅಂದರು.

ಒಂದು ಭಾನುವಾರ ಇವರ ಮಗ, ನಾಲ್ಕನೇ ಕ್ಲಾಸಿನವನು, ಅಮ್ಮನ ಜೊತೆ ಹೋಗಿದ್ದ. ನಾಯಿ ಎದ್ದದ್ದು ನೋಡಿ ಹೆದರಿ ಓಡಿದ. ನಾಯಿ ಅಟ್ಟಿಸಿಕೊಂಡು ಹೋಗಿ ಮೀನಖಂಡಕ್ಕೆ ಬಾಯಿ ಹಾಕಿತು. ಮನೆಯವರು ಗಾಯಕ್ಕೆ ಕಾಫಿಪುಡಿ ಮೆತ್ತಿ ಹೇಳಿದರು: "ಅದ್ ಆಡುಕೆ ಬಂದದ್. ಮಾಣಿ ಓಡದಿದ್ರೆ ಎಂತ ಆತಿರ್ಲಿಲ್ಲ." ಈ ಸಲ ಮಾಣಿ ಅಂದದ್ದು ಹುಡುಗನಿಗೆ. ತಪ್ಪು ಹೊರಿಸುವಾಗ ಮಾತ್ರ ಅವನು ಮಾಣಿಯಾದ.

(ಮೇಷ್ಟ್ರುಗಳು ಮಕ್ಕಳಿಗೆ ಇದೊಂದನ್ನು ಹೇಳಿಕೊಡಬೇಕು. ಕಾಫಿಪುಡಿ, ಅರಿಸಿನ, ಸುಣ್ಣ ಯಾವುದೂ ಬೇಡ. ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆಯಬೇಕು, ಅವತ್ತೇ ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಹುಚ್ಚುನಾಯಿ ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಮದ್ದಿಲ್ಲ.)

ನಾಯಿಯನ್ನು ಮಗು ಅನ್ನುವುದು ತಪ್ಪೇ? ಪ್ರೀತಿಯನ್ನು ನಾವು ಯಾಕೆ ತಪ್ಪು ಅನ್ನಬೇಕು. ಮಕ್ಕಳು ದೂರವಿದ್ದ ಮನೆಯಲ್ಲಿ ಒಂದು ಜೀವ ಬಾಲ ಅಲ್ಲಾಡಿಸಿಕೊಂಡು ಬಂದರೆ ಯಾರಿಗಾದರೂ ಕರುಳು ಮಿಡಿಯುತ್ತದೆ. ಆದರೆ 'ಮಾಣಿ' ಎಂದ ಕೂಡಲೇ ನಾಯಿಯ ನಾಯಿತನ ಹೋಗಿಬಿಡುತ್ತದೆಯೇ? ಅದು ಹೋಗಿಲ್ಲ ಅಂತ ಆ ಹುಡುಗನ ಕಾಲು ಹೇಳುತ್ತಿದೆ.

ನಮ್ಮ ಭಾಷೆಯಲ್ಲೇ ಒಂದು ತಮಾಷೆ ಇದೆ. ನಾಯಿ ಕಂಡ ಕೂಡಲೇ ನಾವು ಕೇಳುವುದು: "ಇದು ಯಾವ ಜಾತಿ?" ಒಂದು ಜಾತಿ ನಾಯಿ, ಇನ್ನೊಂದು ಕಂತ್ರಿ ನಾಯಿ. ಮನುಷ್ಯರನ್ನು ಕಂಡಾಗಲೂ ಅದೇ ಪ್ರಶ್ನೆ. ಈ ಎರಡು ಜಾತಿಗಳು ಒಂದೇ ಏನು?

ನಾಯಿಯ ಜಾತಿ ಮನುಷ್ಯ ಮಾಡಿದ್ದು, ಆದರೂ ಒಂದು ಮಟ್ಟಿಗೆ ನಿಜ. ಬೇಟೆಯಾಡುವ ತೋಳ ದಿಟ್ಟಿಸುತ್ತದೆ, ಹೊಂಚುತ್ತದೆ, ಅಟ್ಟುತ್ತದೆ, ಕಚ್ಚಿ ಹಿಡಿಯುತ್ತದೆ, ಕೊಲ್ಲುತ್ತದೆ. ಸುಮಾರು 15,000 ವರ್ಷ ನಮ್ಮ ಜೊತೆ ಬಾಳಿದ ನಾಯಿಯಲ್ಲಿ ಈ ಸರಪಳಿಯ ಒಂದೊಂದು ಕೊಂಡಿಯನ್ನು ಮನುಷ್ಯ ತನ್ನ ಕೆಲಸಕ್ಕೆ ತಕ್ಕಂತೆ ಬಿಗಿ ಮಾಡಿದ, ಸಡಿಲ ಮಾಡಿದ. ಕುರಿ ಕಾಯುವ ನಾಯಿಗೆ ದಿಟ್ಟಿಸುವುದು, ಅಟ್ಟುವುದು ಉಳಿಯಿತು, ಕೊಲ್ಲುವುದು ಅಡಗಿತು. ನಮ್ಮ ಮುಧೋಳ ನಾಯಿ ಕಣ್ಣಿಗೆ ಬಿದ್ದ ಮೊಲವನ್ನು ಓಡಿ ಹಿಡಿಯಲಿಕ್ಕೆ ಬೆಳೆದದ್ದು. ಜರ್ಮನಿಯ ರಾಟ್‌ವೀಲ್ ಪಟ್ಟಣದ ಕಟುಕರು ದನ ಹೊಡೆದುಕೊಂಡು ಹೋಗಲು, ಗಾಡಿ ಎಳೆಯಲು, ಕಾವಲಿಗೆ ಸಾಕಿದ್ದು ರಾಟ್‌ವೀಲರ್. ಇಂಗ್ಲೆಂಡಿನಲ್ಲಿ ಗೂಳಿಯ ಮೇಲೆ ನಾಯಿ ಬಿಟ್ಟು ಮೋಜು ನೋಡುತ್ತಿದ್ದರು. 1835ರಲ್ಲಿ ಕಾಯ್ದೆ ಅದನ್ನು ನಿಲ್ಲಿಸಿದಾಗ ಮೋಜುಗಾರರು ಗುಂಡಿಯೊಳಗೆ ನಾಯಿಗೆ ನಾಯಿ ಕಾದಾಡಿಸಿದರು. ಪಿಟ್‌ಬುಲ್ ವಂಶ ಅಲ್ಲಿಂದ ಬಂದದ್ದು. ಇದು ನಾಯಿಯ ಪಾಪವಲ್ಲ, ಮಾಡಿದವನ ಬೇಕುಬೇಡ. ಓಡುವುದನ್ನು ಕಂಡರೆ ಅಟ್ಟುವುದು ಆ ನಾಯಿಯ ಮೈಯಲ್ಲಿ ಇದೆ. ನಾಲ್ಕನೇ ಕ್ಲಾಸಿನ ಹುಡುಗ ಓಡಿದ.

ಇಲ್ಲೂ ಪೂರ್ತಿ ಸತ್ಯ ಹೇಳಬೇಕು. 2022ರಲ್ಲಿ ಅಮೆರಿಕದ ವಿಜ್ಞಾನಿಗಳು 18,000ಕ್ಕೂ ಹೆಚ್ಚು ನಾಯಿಗಳ ಬಗ್ಗೆ ಅವುಗಳ ಒಡೆಯರನ್ನು ಕೇಳಿ, ಎರಡು ಸಾವಿರಕ್ಕೂ ಹೆಚ್ಚು ನಾಯಿಗಳ ವಂಶವಾಹಿ ಓದಿ ನೋಡಿದರು. ಒಂದು ನಾಯಿಗೂ ಇನ್ನೊಂದು ನಾಯಿಗೂ ಇರುವ ನಡತೆಯ ವ್ಯತ್ಯಾಸದಲ್ಲಿ ತಳಿ ವಿವರಿಸುವುದು ಶೇಕಡಾ 9ರಷ್ಟು ಮಾತ್ರ ಎಂದು ಕಂಡುಕೊಂಡರು. ಉಳಿದದ್ದರಲ್ಲಿ ಸಾಕಿದ ರೀತಿ, ಕಂಡ ಭಯ, ಕಟ್ಟಿಹಾಕಿದ ಸಂಕೋಲೆ ಎಲ್ಲ ಸೇರುತ್ತವೆ. ಆದರೆ ದವಡೆ ದವಡೆಯೇ. ಕಂತ್ರಿ ನಾಯಿ ಕಚ್ಚಿದ್ದಕ್ಕೂ ಐವತ್ತು ಕಿಲೋದ ನಾಯಿ ಕಚ್ಚಿದ್ದಕ್ಕೂ ಇರುವ ವ್ಯತ್ಯಾಸ ಲೆಕ್ಕದ ಪುಸ್ತಕದಲ್ಲಿ ಸಿಗುವುದಿಲ್ಲ, ಆಸ್ಪತ್ರೆಯಲ್ಲಿ ಸಿಗುತ್ತದೆ. 2024ರ ಮೇ ತಿಂಗಳಲ್ಲಿ ಚೆನ್ನೈಯ ಒಂದು ಪಾರ್ಕಿನಲ್ಲಿ ಎರಡು ರಾಟ್‌ವೀಲರ್ ನಾಯಿಗಳು ಐದು ವರ್ಷದ ಹೆಣ್ಣುಮಗುವನ್ನು ಕಚ್ಚಿ ಹರಿದವು. ಮಗು ಯಾರದು? ಆ ಪಾರ್ಕಿನ ಕಾವಲುಗಾರನದು.

ಇನ್ನು ಮನುಷ್ಯರ ಜಾತಿ. ನಾಯಿಯಲ್ಲಿ ತಳಿ ಮಾಡುವವನು ಕೆಲಸ ಬಾರದ ನಾಯಿಯಿಂದ ಮರಿ ಮಾಡಿಸುವುದಿಲ್ಲ. ನಮ್ಮ ಜಾತಿಯಲ್ಲಿ ಅಂಥ ಪರೀಕ್ಷೆ ಎಲ್ಲಿದೆ? ಮಂತ್ರ ಬಾರದ ಭಟ್ಟರ ಮಗನೂ ಭಟ್ಟನೇ. ಪಂಜಾಬಿನ ಬ್ರಾಹ್ಮಣನೂ ಪಂಜಾಬಿನ ಚಮ್ಮಾರನೂ ಒಂದೇ ಜನಾಂಗ ಅಂತ ಬಾಬಾಸಾಹೇಬರು 1936ರಲ್ಲೇ 'ಜಾತಿ ವಿನಾಶ'ದಲ್ಲಿ ವಾದಿಸಿದರು. ನಾಯಿಯಲ್ಲೇ ಶೇಕಡಾ 9 ಆದರೆ, ಮನುಷ್ಯನಲ್ಲಿ ಹುಟ್ಟು ನೋಡಿ ಗುಣ ಹೇಳುವವನಿಗೆ ಏನನ್ನಬೇಕು? ಶುದ್ಧ ರಕ್ತದ ಗೀಳು ಅಲ್ಲೂ ಉಂಟು. ಲಂಡನ್ನಿನಲ್ಲಿ 1873ರಲ್ಲಿ ಕೆನಲ್ ಕ್ಲಬ್ ಕಟ್ಟಿ ನಾಯಿಗಳ ವಂಶಾವಳಿ ಬರೆಸಿದರು. ತಳಿ ಬೆರೆತ ಮರಿಗೆ ಆ ಪುಸ್ತಕದಲ್ಲಿ ಜಾಗವಿಲ್ಲ, ವರ್ಣಸಂಕರ! ಫಲವೇನು? ಚಪ್ಪಟೆ ಮೂಗಿನ ಪಗ್ ನಾಯಿಗೆ ಉಸಿರು ಸಿಗುವುದಿಲ್ಲ. ಜರ್ಮನ್ ಶೆಪರ್ಡಿಗೆ ಸೊಂಟದ ಕೀಲಿನ ರೋಗ. ಕಂತ್ರಿ ನಾಯಿ ಗೇಟಿನ ಹೊರಗೆ ಆರಾಮವಾಗಿ ಓಡಾಡಿಕೊಂಡಿದೆ.

ಹಾಗಾಗಿ ನಮಗೆ ಆ ಮನೆಯಲ್ಲಿ ವಿಚಿತ್ರ ಕಂಡದ್ದು ಇದು. ನಾಯಿಗೆ ಮೈಯಲ್ಲೇ ಬಂದ ಸ್ವಭಾವ ಉಂಟು; ಅದನ್ನು ಮರೆತು ಮಗು ಅನ್ನುತ್ತಾರೆ. ಹೆಂಗಸಿಗೆ ಅಂಥದ್ದೇನೂ ಇಲ್ಲ. ಅವರ ಗ್ಲಾಸನ್ನು ಗೋಡೆಯ ಮೇಲೆ ಇಡುತ್ತಾರೆ. ಇರುವ ಜಾತಿ ಕಾಣುವುದಿಲ್ಲ, ಇಲ್ಲದ ಜಾತಿ ಕಾಣುತ್ತದೆ.

ಇದು ಹೊಸ ಕಾಯಿಲೆಯೇನಲ್ಲ. ಚಂಡಾಲರ ಆಸ್ತಿ ನಾಯಿ ಮತ್ತು ಕತ್ತೆ ಅಂತ ಮನುಸ್ಮೃತಿಯ ಹತ್ತನೆಯ ಅಧ್ಯಾಯ ಬರೆಯಿತು. ಮಹಾಡಿನ ಚೌದಾರ್ ಕೆರೆಯಲ್ಲಿ ದನ, ನಾಯಿ ನೀರು ಕುಡಿಯಬಹುದಿತ್ತು, ಅಸ್ಪೃಶ್ಯರು ಕುಡಿಯುವಂತಿರಲಿಲ್ಲ. 1927ರ ಮಾರ್ಚ್ 20ರಂದು ಅಂಬೇಡ್ಕರ್ ಅಲ್ಲಿಗೆ ಜನ ಕಟ್ಟಿಕೊಂಡು ಹೋಗಿ ಬೊಗಸೆ ನೀರು ಕುಡಿದರು. ನಮ್ಮ ಕರಾವಳಿಯಲ್ಲಿ ಕೂದಲು, ಉಗುರು ಬೆರೆಸಿದ ಅನ್ನವನ್ನು ಕೊರಗರಿಗೆ ತಿನ್ನಿಸುವ ಅಜಲು ಇತ್ತು. ಅದನ್ನು ನಿಷೇಧಿಸುವ ಕಾಯ್ದೆ ಬಂದದ್ದು 2000ದಲ್ಲಿ. ಬಯಲಾಟ ನೋಡಿ ಬೆಳೆದ ಊರು ನಮ್ಮದು, ಭಾರತದ ಎರಡು ನಾಯಿಗಳು ನಮಗೆ ಗೊತ್ತು. ಧರ್ಮರಾಯ ಒಂದು ನಾಯಿಯನ್ನು ಬಿಟ್ಟು ಸ್ವರ್ಗ ಬೇಡ ಅಂದ. ಅವನ ಮನೆಯದೇ ಇನ್ನೊಂದು ನಾಯಿ ಕಾಡಿನಲ್ಲಿ ಕಪ್ಪು ಮೈಯ, ಕೊಳೆಯಾದ ಏಕಲವ್ಯನನ್ನು ಕಂಡು ಬೊಗಳಿತು. ಬೊಗಳಿದ ಬಾಯಿ ಮುಚ್ಚಿಸಿದ್ದಕ್ಕೆ ಕೊನೆಗೆ ಹೆಬ್ಬೆರಳು ಹೋಯಿತು. ಹರಿದ ಬಟ್ಟೆ ಕಂಡರೆ ಬೊಗಳುವುದನ್ನು ನಾಯಿ ಹುಟ್ಟಿನಿಂದ ಕಲಿತಿರುತ್ತದೆಯೇ? ಮನೆಯೊಳಗೆ ಯಾರು ಬರುತ್ತಾರೆ, ಯಾರು ಬರುವುದಿಲ್ಲ ಅಂತ ನೋಡಿ ನೋಡಿ ಕಲಿಯುತ್ತದೆ.

ನಮ್ಮ ಕೇರಿಗಳಲ್ಲೂ ನಾಯಿ ಇವೆ, ಗೆಳೆಯರೆ. ಗಂಜಿಯಲ್ಲಿ ಪಾಲು ಕೊಟ್ಟಿದ್ದೇವೆ, ಚಳಿಯಲ್ಲಿ ಒಂದೇ ಗೋಣಿಯಲ್ಲಿ ಮಲಗಿದ್ದೇವೆ. ರಾತ್ರಿ ಚಿರತೆ ಹೊತ್ತೊಯ್ದಾಗ ಅತ್ತಿದ್ದೇವೆ. ಆದರೆ ಮರಿ ಹಾಕಿದ ನಾಯಿಯ ಹತ್ತಿರ ಹೋಗಬಾರದು, ತಿನ್ನುವಾಗ ಮುಟ್ಟಬಾರದು, ಎದುರು ಓಡಬಾರದು ಅಂತ ಅಜ್ಜಿಯಂದಿರು ಹೇಳಿಯೇ ಬೆಳೆಸಿದರು. ನಾಯಿಯನ್ನು ನಾಯಿ ಅಂತಲೇ ತಿಳಿದು ಪ್ರೀತಿ ಮಾಡುವುದು ಅವರಿಗೆ ಗೊತ್ತಿತ್ತು. ಇನ್ನೊಂದು ಮಾತು, ಹೇಳಲು ಮುಜುಗರ. ನಮ್ಮಲ್ಲೇ ನೌಕರಿ ಹಿಡಿದು ಪೇಟೆಯಲ್ಲಿ ಮನೆ ಕಟ್ಟಿದ ಕೆಲವರು ಮೊದಲು ತಂದದ್ದು ಜಾತಿ ನಾಯಿ, ಆಮೇಲೆ ಅದೇ ಬೋರ್ಡು. ಆ ಗೇಟಿಗೆ ಹೋದರೆ ನಮ್ಮನ್ನೇ ಕಂಡು ಬೊಗಳುತ್ತದೆ.

ಸರ್ಕಾರ ಏನು ಮಾಡಿತು? 2024ರ ಮಾರ್ಚ್ 12ರಂದು ಕೇಂದ್ರದ ಪಶುಸಂಗೋಪನಾ ಇಲಾಖೆ ಪಿಟ್‌ಬುಲ್, ರಾಟ್‌ವೀಲರ್ ಸೇರಿ 23 ತಳಿಗಳನ್ನು ಸಾಕಲು, ಮಾರಲು ಪರವಾನಗಿ ಕೊಡಬೇಡಿ ಅಂತ ಸುತ್ತೋಲೆ ಹೊರಡಿಸಿತು. ಸಂಬಂಧಪಟ್ಟವರನ್ನು ಕೇಳದೆ ಮಾಡಿದ್ದು ಅಂತ ಏಪ್ರಿಲ್ 10ರಂದು ಕರ್ನಾಟಕ ಹೈಕೋರ್ಟು ಅದನ್ನು ರದ್ದು ಮಾಡಿತು. ತಳಿಯ ಪಟ್ಟಿ ಮಾಡುವುದು ಸುಲಭ. ಒಡೆಯನ ಹೊಣೆ ಕೇಳುವುದು ಕಷ್ಟ. ಆ ಹೊಣೆಗೆ ಕಾನೂನು ಮೊದಲೇ ಇದೆ: ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಮು. ಸಾಕಿದ ಪ್ರಾಣಿಯಿಂದ ಅಪಾಯ ಆಗದಂತೆ ನೋಡಿಕೊಳ್ಳದವನಿಗೆ ಆರು ತಿಂಗಳವರೆಗೆ ಸಜೆ ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.

ನಾವು ನಾಲ್ಕು ಜನ ಆ ಮನೆಗೆ ಹೋದೆವು. ಯಜಮಾನರು ಐನೂರರ ನೋಟು ತೆಗೆದಿಟ್ಟರು. ನಾವು ಮುಟ್ಟಲಿಲ್ಲ. ಕಲಮಿನ ಮಾತು ತೆಗೆದಾಗ ಅವರ ಮುಖ ಬಿಳಿಚಿತು. "ಹಾಂಗಾರೆ ಈಗ ನಾಯಿನ್ ಕೊಂದ್ ಹಾಕ್ಕಾ?" ಅಂದರು. ಆ ಮನೆಯವರ ಬಾಯಲ್ಲಿ ಅದು ನಾಯಿ ಅಂತ ಕೇಳಿದ್ದು ಅವತ್ತೇ ಮೊದಲು. ಕೊಲ್ಲುವುದು ಬೇಡ, ನಾಯಿ ಏನೂ ತಪ್ಪು ಮಾಡಿಲ್ಲ ಅಂದೆವು. ಹುಡುಗನ ಇಂಜೆಕ್ಷನ್ನಿಗೆ ತಾಯಿ ಕೆಲಸ ಬಿಟ್ಟು ಹೋದ ದಿನಗಳ ಕೂಲಿ ಕೊಡಿ, ಜನ ಬರುವಾಗ ನಾಯಿಯನ್ನು ಕಟ್ಟಿ, ದಿನಾ ಎರಡು ಹೊತ್ತು ಹಗ್ಗ ಹಿಡಿದು ನಡೆಸಿಕೊಂಡು ಬನ್ನಿ. ಸೋಫಾದ ಮೇಲೆ ಕೂರಿಸಿ ಅದರ ಮೈಬಲವನ್ನು ಕೊಳೆಸಬೇಡಿ ಅಂತ ಹೇಳಿದೆವು. "ಕಟ್ಟಿರೆ ಅದಕ್ಕೆ ಬೇಜಾರ್ ಆತ್ತ್" ಅಂತ ಮನೆಯಾಕೆ ಕಣ್ಣೀರು ಹಾಕಿದರು. ಅದು ಸುಳ್ಳು ಕಣ್ಣೀರಾಗಿರಲಿಲ್ಲ. ಅದೇ ಹೊತ್ತಿಗೆ ಹುಡುಗನ ತಾಯಿ ಹಿಂದಿನ ಬಾಗಿಲಲ್ಲಿ ನಿಂತಿದ್ದರು. ಅವರನ್ನು ಒಳಗೆ ಕರೆಯಬೇಕು ಅಂತ ಯಾರಿಗೂ ಹೊಳೆಯಲಿಲ್ಲ. ಸೋಫಾದ ತುದಿಯಲ್ಲಿ ಕೂತ ನಮಗೂ ಹೊಳೆದದ್ದು ಹೊರಗೆ ಬಂದ ಮೇಲೆ.

ಕೂಲಿ ಸಿಕ್ಕಿತು. ಅವರು ಈಗಲೂ ಅಲ್ಲಿಗೇ ಕೆಲಸಕ್ಕೆ ಹೋಗುತ್ತಾರೆ. ಬಿಟ್ಟರೆ ಇನ್ನೊಂದು ಮನೆ, ಅಲ್ಲೂ ಒಂದು ನಾಯಿ. ಗ್ಲಾಸಿನ ಜಗಳ ಇನ್ನೂ ಬಾಕಿ ಇದೆ. ಬೆಳಿಗ್ಗೆ ಗೇಟಿನಲ್ಲಿ ನಿಂತು ಮೊದಲಿಗಿಂತ ಗಟ್ಟಿಯಾಗಿ ಕೇಳುತ್ತಾರೆ: "ನಾಯಿ ಕಟ್ಟಿದ್ರಾ ಅಮ್ಮ?" ಒಳಗಿನಿಂದ ಉತ್ತರ ಬರುವವರೆಗೆ ಗೇಟು ತೆಗೆಯುವುದಿಲ್ಲ.