ಆಪ್ತರು ಕಳಿಸಿದ್ದು

2021ರ ಮೇ ತಿಂಗಳು, ಕೊರೊನಾ ಎರಡನೇ ಅಲೆ. ನಮ್ಮ ಮನೆಯವರ ವಾಟ್ಸಾಪ್ ಗುಂಪಿಗೆ ಚಿಕ್ಕಮ್ಮ ಒಂದು ಸಂದೇಶ ಹಾಕಿದರು. ಜನ ಸಾಯುತ್ತಿರುವುದು ರೋಗದಿಂದಲ್ಲ, 5ಜಿ ಪರೀಕ್ಷೆಯಿಂದ; ಕೊರೊನಾ ಅನ್ನುವುದು ಅದನ್ನು ಮುಚ್ಚಿಡುವ ನೆಪ. ಗಂಟಲು ಒಣಗುವುದೇ ಸಾಕ್ಷಿಯಂತೆ. ಸಂದೇಶದ ನೆತ್ತಿಯ ಮೇಲೆ ಜೋಡಿ ಬಾಣದ ಗುರುತು. ಚಿಕ್ಕಮ್ಮ ಕಳಿಸಿದ್ದು ಅಂತ ಅರ್ಧ ಮನೆ ನಂಬಿತು.

ಕಣ್ಣಾರೆ ಕಾಣದ್ದನ್ನು ಇನ್ನೊಬ್ಬರ ಮಾತಿನಿಂದ ತಿಳಿಯುವುದನ್ನು ನ್ಯಾಯದರ್ಶನ ‘ಶಬ್ದ’ವೆಂಬ ಪ್ರಮಾಣವಾಗಿ ಒಪ್ಪುತ್ತದೆ, ಪ್ರತ್ಯಕ್ಷ, ಅನುಮಾನ, ಉಪಮಾನಗಳ ಸಾಲಿನಲ್ಲಿ ನಾಲ್ಕನೆಯದು. ಒಪ್ಪದೆ ಗತಿಯೂ ಇಲ್ಲ. ನಾನು ಹುಟ್ಟಿದ ದಿನ ನನಗೆ ಗೊತ್ತಾದದ್ದು ಅಮ್ಮನ ಬಾಯಿಂದಲೇ. ಆದರೆ ಮಾತು ಆಪ್ತನದಾಗಿರಬೇಕು. ಯಾರು ಆಪ್ತ? ವಿಷಯವನ್ನು ತಾನೇ ಕಂಡು ಅರಿತವನು, ಕಂಡದ್ದನ್ನು ಕಂಡಂತೆ ತಿಳಿಸಬೇಕೆಂಬ ಮನಸ್ಸುಳ್ಳವನು ಎನ್ನುತ್ತಾನೆ ನ್ಯಾಯಸೂತ್ರದ ಭಾಷ್ಯಕಾರ ವಾತ್ಸ್ಯಾಯನ. ಋಷಿಗಾಗಲಿ ಮ್ಲೇಚ್ಛನಿಗಾಗಲಿ ಲಕ್ಷಣ ಒಂದೇ. ನಮಗೆ ಹತ್ತಿರದವನಾಗಿರಬೇಕೆಂಬುದು ಈ ಲಕ್ಷಣದಲ್ಲಿಲ್ಲ. ಕನ್ನಡದ ಬಳಕೆಯಲ್ಲಾದರೋ ಪದ ಸವೆದು, ಲಗ್ನಪತ್ರಿಕೆಯ ‘ಆಪ್ತೇಷ್ಟರು’ ಆಗಿ, ಬೇಕಾದವರು ಎಂಬಲ್ಲಿಗೆ ಬಂದು ನಿಂತಿದೆ.

ಸಂಚಿನ ಕಥೆ ನುಸುಳುವುದು ಈ ಎರಡು ಅರ್ಥಗಳ ಸಂದಿಯಲ್ಲಿ. ಚಿಕ್ಕಮ್ಮನಿಗೆ ತಿಳಿಸುವ ಮನಸ್ಸಿತ್ತು, ಕಂಡ ಅರಿವಿರಲಿಲ್ಲ. ಜೋಡಿ ಬಾಣವೆಂದರೆ ಸಂದೇಶ ಕನಿಷ್ಠ ಐದು ಕೈ ದಾಟಿದೆ ಎಂದರ್ಥ. ಮೊದಲು ಹೇಳಿದವನು ಯಾರೆಂಬುದೇ ಅಳಿಸಿಹೋಗಿರುತ್ತದೆ. ಅಂಥದ್ದನ್ನು ಒಮ್ಮೆಗೆ ಒಂದೇ ಕಡೆ ಕಳಿಸಬಹುದೆಂದು ವಾಟ್ಸಾಪ್ 2020ರ ಏಪ್ರಿಲ್‌ನಲ್ಲೇ ಮಿತಿ ಹಾಕಿತ್ತು. ಆ ಒಂದು ಕಡೆಯಲ್ಲಿ ನಾವು ನಲವತ್ತು ಜನ ಇದ್ದೆವು.

ದೇಶದಲ್ಲಿ 5ಜಿ ಪರೀಕ್ಷೆ ಎಲ್ಲೂ ಶುರುವೇ ಆಗಿಲ್ಲವೆಂದು ದೂರಸಂಪರ್ಕ ಇಲಾಖೆ ಅದೇ ತಿಂಗಳು ಹೇಳಿತು. (ಸೇವೆ ಬಂದದ್ದು 2022ರ ಅಕ್ಟೋಬರ್‌ನಲ್ಲಿ.) ನಾನದನ್ನು ಗುಂಪಿಗೆ ಹಾಕಿದೆ. “ಮತ್ತಿನ್ನೇನು, ಒಪ್ಕೋತಾರಾ?” ಅಂದರು ಮಾವ.

ಈ ಉತ್ತರಕ್ಕೆ ಮದ್ದಿಲ್ಲ. ಬಾಧಕ, ಅಂದರೆ ಅಲ್ಲಗಳೆಯುವ ಅರಿವು, ಬರುವ ತನಕ ಮೊದಲ ಅರಿವು ನಿಲ್ಲುತ್ತದೆ, ಬಂದ ಮೇಲೆ ಬಿದ್ದುಹೋಗುತ್ತದೆ ಎಂಬುದು ಮೀಮಾಂಸಕರ ಲೆಕ್ಕ: ದೀಪ ತಂದರೆ ಹಾವು ಹೋಗಿ ಹಗ್ಗ ಉಳಿಯುತ್ತದೆ. ಸಂಚಿನ ಕಥೆಯಲ್ಲಿ ದೀಪ ತಂದವನೇ ಹಾವು ಬಿಟ್ಟವರ ಕಡೆಯವನು. ಹಾಗಂತ ಸಂಚುಗಳೇ ಇಲ್ಲವೆಂದಲ್ಲ. ಅಮೆರಿಕದ ವಾಟರ್‌ಗೇಟ್ ಸಂಚು ನಿಜವೇ, ಅದು ಬಯಲಾದದ್ದು ಒಳಗಿದ್ದು ಕಂಡವರ ಸಾಕ್ಷ್ಯದಿಂದ, ಅಧ್ಯಕ್ಷ ನಿಕ್ಸನ್ನರ ಸ್ವಂತ ಟೇಪುಗಳಿಂದ.

ಚಿಕ್ಕಮ್ಮನಿಗೆ ಫೋನ್ ಮಾಡಿದೆ. “ಇದನ್ನ ಕಂಡೋರು ಯಾರು?”

“ಎದುರುಮನೆಯವ್ರು ಕಳ್ಸಿದ್ದು ಕಣೋ. ಅವ್ರು ಸುಳ್ಳು ಹೇಳೋ ಪೈಕಿ ಅಲ್ಲ.”