ಶಬ್ದವೂ ಮಡಕೆಯೂ

ಬೆಂಗಳೂರಿನ ರಾತ್ರಿಯ ಮೋಜು ಅಂದರೆ ಎಲ್ಲರೂ ಬ್ರಿಗೇಡ್ ರಸ್ತೆ, ಇಂದಿರಾನಗರ, ಕೋರಮಂಗಲದ ಕಡೆಗೇ ಕೈ ತೋರಿಸುತ್ತಾರೆ. ಅವೆನ್ಯೂ ರಸ್ತೆಯ ಹೆಸರು ಆ ಪಟ್ಟಿಯಲ್ಲಿ ಬರುವುದಿಲ್ಲ, ಬರಲು ಕಾರಣವೂ ಇಲ್ಲ. ಮೈಸೂರು ಬ್ಯಾಂಕ್ ಸರ್ಕಲ್ಲಿನಿಂದ ಸಿಟಿ ಮಾರ್ಕೆಟ್ಟಿನವರೆಗೆ ಹಗಲೆಲ್ಲ ಮೈಗೆ ಮೈ ಉಜ್ಜಿಕೊಂಡು ನಡೆಯಬೇಕಾದ ಈ ಹಳೆಯ ದೊಡ್ಡಪೇಟೆ, ರಾತ್ರಿಯಾದರೆ ಶಟರ್ ಎಳೆದುಕೊಂಡು ಮಲಗಿಬಿಡುತ್ತದೆ. ಎಚ್ಚರವಾಗಿರುವುದು ಗೂಡ್ಸ್ ಆಟೋದವರು, ಬೀದಿನಾಯಿಗಳು.

ಚೈತ್ರದಲ್ಲಿ ಮಾತ್ರ ಹಾಗಲ್ಲ. ರಸ್ತೆಯ ದಕ್ಷಿಣದ ತುದಿಗೆ ಬಂದು, ಮಾರ್ಕೆಟ್ಟಿನ ಹೂವು ಕೊಳೆತ ವಾಸನೆಯನ್ನು ದಾಟಿ, ಕೋಟೆಯ ದಿಲ್ಲಿ ಬಾಗಿಲನ್ನು ಹಿಂದಕ್ಕೆ ಬಿಟ್ಟು ಸ್ವಲ್ಪ ನಡೆದರೆ ಚಾಮರಾಜಪೇಟೆಯ ಕೋಟೆ ಹೈಸ್ಕೂಲು. ಅದರ ಮೈದಾನದಲ್ಲಿ ರಾಮನವಮಿಯ ಹೊತ್ತಿಗೆ ಚಪ್ಪರ ಏಳುತ್ತದೆ. ಹೆಚ್ಚುಕಡಿಮೆ ಒಂದು ತಿಂಗಳು ಸಂಜೆ ಸಂಜೆ ಕಛೇರಿ. ನವಮಿ ಕಳೆದ ಆರನೆಯ ದಿನಕ್ಕೆ ಹುಣ್ಣಿಮೆ, ಆ ನಡುರಾತ್ರಿ ಪೇಟೆಯಲ್ಲಿ ಕರಗದ ಮೆರವಣಿಗೆ. ಕಛೇರಿಯಲ್ಲಿ ಮಂಗಳ ಕೇಳಿಕೊಂಡು ಎದ್ದವರು ಆ ಒಂದು ರಾತ್ರಿ ಮನೆಗೆ ಹೋಗದೆ ಪೇಟೆಯ ಕಡೆಗೆ ತಿರುಗಬಹುದು.

ಈ ಸಂಗೀತೋತ್ಸವವನ್ನು 1939ರಲ್ಲಿ ಶುರುಮಾಡಿದವರು ಎಸ್.ವಿ. ನಾರಾಯಣಸ್ವಾಮಿ ರಾವ್. ಅವರ ಶ್ರೀರಾಮ ಸೇವಾ ಮಂಡಳಿಯ ವೇದಿಕೆಯಲ್ಲಿ ಚೆಂಬೈ ಹಾಡಿದರು, ಎಂ.ಎಸ್. ಸುಬ್ಬುಲಕ್ಷ್ಮಿ ಹಾಡಿದರು, ನಮ್ಮ ಗದಗಿನ ಭೀಮಸೇನ ಜೋಶಿ ಹಾಡಿದರು. ಏಸುದಾಸ್ ಹಾಡುವ ದಿನ ಒಳಗೆ ಜಾಗ ಸಿಗದವರು ಹೊರಗೆ ಫುಟ್‌ಪಾತಿನ ಮೇಲೆ ಪೇಪರ್ ಹಾಸಿಕೊಂಡು ಕೂತಿರುತ್ತಿದ್ದರು. ಇಷ್ಟೆಲ್ಲ ದೊಡ್ಡವರು ಬಂದು ಹಾಡಿ ಹೋದ ಜಾಗ ಅನ್ನುತ್ತೇವಲ್ಲ, ಜೂನ್ ತಿಂಗಳಲ್ಲಿ ಹೋಗಿ ನೋಡಿ. ಹುಡುಗರು ಆಡುವ ಒಂದು ಶಾಲೆಯ ಬಯಲು, ಅಷ್ಟೇ.

ಚಪ್ಪರದಡಿ ಕೂತು ಕೇಳುವಾಗ ಒಮ್ಮೊಮ್ಮೆ ಏಪ್ರಿಲ್ ಮಳೆ ಬರುತ್ತದೆ. ಮೊದಲು ಧೂಳಿನ ವಾಸನೆ, ಆಮೇಲೆ ಮೇಲೆ ನಾಲ್ಕು ಹನಿ, ಆಮೇಲೆ ಒಟ್ಟಿಗೇ ಸುರಿತ. ಖರಹರಪ್ರಿಯದ ಆಲಾಪನೆ ಅರ್ಧಕ್ಕೆ ಬಂದಿರುತ್ತದೆ. ಹಾಡುವವರು ಕಣ್ಣು ಬಿಟ್ಟು ಮೇಲೆ ನೋಡುತ್ತಾರೆ, ಪಿಟೀಲಿನವರ ಮುಖ ನೋಡಿ ನಗುತ್ತಾರೆ, ಮತ್ತೆ ಕಣ್ಣು ಮುಚ್ಚಿ ಎತ್ತಿಕೊಳ್ಳುತ್ತಾರೆ. ಅಂಚಿನಲ್ಲಿದ್ದವರು ಕುರ್ಚಿ ಎಳೆದುಕೊಂಡು ಒಳಕ್ಕೆ ಸರಿಯುತ್ತಾರೆ. ಮಳೆಯ ಸದ್ದಿನಲ್ಲಿ ಹಾಡುವವರ ತುಟಿ ಅಲ್ಲಾಡುವುದು ಕಾಣುತ್ತದೆ, ಕೈ ಗಾಳಿಯಲ್ಲಿ ಏರಿ ಇಳಿಯುವುದು ಕಾಣುತ್ತದೆ, ದನಿ ಕೇಳುವುದಿಲ್ಲ. ಮಳೆ ನಿಂತಾಗ ರಾಗ ಎಲ್ಲೋ ಮುಂದೆ ಹೋಗಿರುತ್ತದೆ. ನಡುವೆ ಹಾಡಿದ್ದು ಏನು ಅನ್ನುವುದು ಆ ಕಲಾವಿದರಿಗೆ ಬಿಟ್ಟರೆ ಯಾರಿಗೂ ಗೊತ್ತಿಲ್ಲ. ಕೇಳಿದರೆ ಅವರಿಗೂ ನೆನಪಿರಲಾರದು.

ಹೀಗೆ ಕಳೆದುಹೋಗುವ ಶಬ್ದದ ಬಗ್ಗೆ ನಮ್ಮ ಹಳೆಯ ಶಾಸ್ತ್ರಗಳಲ್ಲಿ ದೊಡ್ಡ ಜಗಳವೇ ನಡೆದಿದೆ: ಶಬ್ದ ನಿತ್ಯವೋ, ಅನಿತ್ಯವೋ? ವೇದದ ಅರ್ಥ ವಿಚಾರಿಸುವ ಮೀಮಾಂಸಕರು ನಿತ್ಯ ಅಂದರು. ಉಚ್ಚಾರಣೆ ಶಬ್ದವನ್ನು ಹುಟ್ಟಿಸುವುದಿಲ್ಲ, ಇದ್ದದ್ದನ್ನು ತೋರಿಸುತ್ತದೆ ಅಷ್ಟೇ ಎಂದು ವಾದ. ವೇದ ನಿತ್ಯವೆಂದು ಸಾಧಿಸಲು ಅವರಿಗೆ ಇದು ಬೇಕೇ ಬೇಕಾಗಿತ್ತು ಅನ್ನಿ. ತರ್ಕಶಾಸ್ತ್ರದ ನೈಯಾಯಿಕರು ಒಪ್ಪಲಿಲ್ಲ. ಶಬ್ದ ಮಾಡಿದ್ದರಿಂದ ಆದದ್ದು, ಮಾಡಿದ್ದೆಲ್ಲ ನಾಶವಾಗುತ್ತದೆ, ಆದ್ದರಿಂದ ಶಬ್ದವೂ ನಾಶವಾಗುತ್ತದೆ ಎಂದರು. ಉದಾಹರಣೆ ಕೊಡಿ ಅಂದರೆ ಅವರು ತೋರಿಸುತ್ತಿದ್ದುದು ಮಡಕೆಯನ್ನು. ತರ್ಕ ಓದಿದ ಯಾವ ಪಂಡಿತರನ್ನು ಕೇಳಿದರೂ ಈ ಮಡಕೆಯ ಉದಾಹರಣೆಯನ್ನು ನಿದ್ದೆಯಲ್ಲೂ ಹೇಳುತ್ತಾರೆ. ಅವರು ಇನ್ನೂ ಒಂದು ಮಾತು ಹೇಳಿದರು, ನನಗೆ ಅದು ಹೆಚ್ಚು ಮುಖ್ಯ. ಒಂದು ಶಬ್ದ ಇನ್ನೊಂದನ್ನು ಹುಟ್ಟಿಸಿ ತಾನು ಸಾಯುತ್ತದೆ, ಅದು ಮತ್ತೊಂದನ್ನು ಹುಟ್ಟಿಸುತ್ತದೆ. ಕೊನೆಗೆ ನಮ್ಮ ಕಿವಿಗೆ ಮುಟ್ಟುವುದು ಬಾಯಿಂದ ಹೊರಟ ಶಬ್ದವಲ್ಲ, ಅದರ ಸಂತತಿಯ ಕೊನೆಯ ಕೂಸು.

ಸಂಗೀತ ಪ್ರೇಮಿಗಳು ಸಾಮಾನ್ಯವಾಗಿ ಮೀಮಾಂಸಕರ ಪಕ್ಷ. ತೋಡಿ ರಾಗ ಇದ್ದೇ ಇದೆ, ಗಾಯಕರು ಬರುತ್ತಾರೆ ಹೋಗುತ್ತಾರೆ ಎನ್ನುತ್ತಾರೆ. ಸಮಾಧಾನದ ಮಾತು. ಆದರೆ ಎಲ್ಲಿದೆ ಆ ತೋಡಿ? ಅವೆನ್ಯೂ ರಸ್ತೆಯ ಹಳೆ ಪುಸ್ತಕದ ಅಂಗಡಿಗಳಲ್ಲಿ, ಇಂಜಿನಿಯರಿಂಗ್ ಗೈಡುಗಳ ನಡುವೆ, ಅಪರೂಪಕ್ಕೆ ಸಂಗೀತ ಪಾಠದ ಪುಸ್ತಕ ಕೈಗೆ ಬರುತ್ತದೆ. ಅಂಥದ್ದೊಂದನ್ನು ತಿರುವಿ ಹಾಕಿದ್ದೇನೆ. ಸ್ವರಗಳ ಮೇಲೆ ಪೆನ್ಸಿಲಿನಲ್ಲಿ ಸಣ್ಣ ಗೆರೆ, ಒಂದು ಕಡೆ ‘ಇಲ್ಲಿ ಉಸಿರು’ ಎಂದು ಬರೆದದ್ದು, ಮೊದಲ ಪುಟದಲ್ಲಿದ್ದ ಹೆಸರಿನ ಮೇಲೆ ದಪ್ಪ ಶಾಯಿ ಬಳಿದದ್ದು. ಕೃತಿಗಳೆಲ್ಲ ಅದರಲ್ಲಿವೆ, ಸಂಗೀತ ಮಾತ್ರ ಇಲ್ಲ. ಉಸಿರು ಎಲ್ಲಿ ಎಂದು ಗುರುತು ಮಾಡಿಕೊಂಡಿದ್ದ ಆ ಉಸಿರು ಎಂದೋ ನಿಂತಿರಬಹುದು. ತೋಡಿ ಉಳಿದಿದೆ ಅಂದರೆ ಯಾರೋ ಕಲಿಸಿದರು, ಯಾರೋ ಕೂತು ಕಲಿತರು ಎಂದೇ ಅರ್ಥ. ಚೆಂಬೈ 1974ರಲ್ಲಿ ತೀರಿಕೊಂಡರು, ಅವರ ಶಿಷ್ಯ ಏಸುದಾಸ್ ಅದೇ ಚಪ್ಪರದಲ್ಲಿ ಹಾಡಿದರು. ಶಿಷ್ಯರ ಗಂಟಲಲ್ಲಿ ಬಂದದ್ದು ಗುರುಗಳ ದನಿಯಲ್ಲ. ನೈಯಾಯಿಕರ ಲೆಕ್ಕದಲ್ಲಿ ಅದೂ ಹುಟ್ಟಿದ ಕೂಸೇ.

ಹುಣ್ಣಿಮೆಯ ರಾತ್ರಿ ತಾರ್ಕಿಕರ ಮಡಕೆ ಕರಗವಾಗಿ ನಮ್ಮೂರ ಬೀದಿಗೇ ಬರುತ್ತದೆ. ತಿಗಳರ ಪೇಟೆಯ ಧರ್ಮರಾಯ ಸ್ವಾಮಿ ಗುಡಿಯ ಮುಂದೆ ಜನ ಸಂಜೆಯಿಂದಲೇ ಕಾಯುತ್ತಿರುತ್ತಾರೆ. ಬೇರೆ ಬೇರೆ ದೇವಸ್ಥಾನಗಳ ಹೂವಿನ ಪಲ್ಲಕ್ಕಿಗಳು ಪೇಟೆಯ ಬೀದಿಗಳಲ್ಲಿ ಸಾಲುಗಟ್ಟುತ್ತವೆ, ಒಂದರ ನಾದಸ್ವರ ಇನ್ನೊಂದರ ಬ್ಯಾಂಡಿನ ಮೇಲೆ ಬಿದ್ದು ಎರಡೂ ಕಲಸಿಹೋಗುತ್ತವೆ. ನಡುರಾತ್ರಿ ಮೀರಿದ ಮೇಲೆ ಕರಗದ ಕಾವಲಿಗೆ ನಿಂತ ವೀರಕುಮಾರರ ಕತ್ತಿಗಳು ಮಿಂಚುತ್ತವೆ, ‘ಗೋವಿಂದ ಗೋವಿಂದ’ ಎಂಬ ಕೂಗಿನ ನಡುವೆ ಮಲ್ಲಿಗೆಯ ಗೋಪುರ ಹೊರಗೆ ಬರುತ್ತದೆ. ಹೊತ್ತವರು ಸೀರೆ ಬಳೆ ತೊಟ್ಟ ಅರ್ಚಕರು. ಕೈ ಮುಟ್ಟಿ ಹಿಡಿಯುವಂತಿಲ್ಲ, ಕುಣಿಯುತ್ತಲೇ ತಲೆಯ ಮೇಲೆ ನಿಲ್ಲಿಸಬೇಕು. ಕಾಟನ್‌ಪೇಟೆಯ ಮಸ್ತಾನ್ ಸಾಹೇಬರ ದರ್ಗಾಕ್ಕೂ ಹೋಗಿ, ಪೇಟೆ ಸುತ್ತಿ, ಬೆಳಗಾಗುವಾಗ ಗುಡಿ ಸೇರುತ್ತದೆ. ಕರಗವೆಂದರೆ ದ್ರೌಪದಿ. ಅವಳು ತನ್ನ ವೀರಕುಮಾರರನ್ನು ಬಿಟ್ಟು ಹೊರಟಾಗ ಅವರು ಅತ್ತು ಕರೆದರಂತೆ. ಅವಳು ನಿಲ್ಲಲಿಲ್ಲ, ವರ್ಷಕ್ಕೆ ಕೆಲವು ದಿನ ಬರುತ್ತೇನೆ ಎಂದು ಮಾತು ಕೊಟ್ಟಳು. ಈ ಕಥೆ ಕಟ್ಟಿದವರು ಜಾಣರು. ಸದಾ ಜೊತೆಗಿರುತ್ತೇನೆ ಎಂದು ಅವಳ ಬಾಯಲ್ಲಿ ಸುಳ್ಳು ಹೇಳಿಸಲಿಲ್ಲ.

ಈ ರಾತ್ರಿಗೆ ಮೊದಲಿನ ಹಸಿ ಕರಗದ ಪೂಜೆ ಹಿಂದೆ ನಡೆಯುತ್ತಿದ್ದುದು ಸಂಪಂಗಿ ಕೆರೆಯಲ್ಲಿ. ಕೆರೆ ಈಗ ಕಂಠೀರವ ಕ್ರೀಡಾಂಗಣ. ಪೂಜೆಗೆಂದು ಪಕ್ಕದಲ್ಲಿ ಪುಟ್ಟ ಕೊಳವೊಂದು ಉಳಿದಿದೆ. 1791ರ ಮಾರ್ಚಿನಲ್ಲಿ ಬ್ರಿಟಿಷರ ಕಾರ್ನ್‌ವಾಲಿಸ್ ಹಿಡಿದ ಕಲ್ಲಿನ ಕೋಟೆಯಲ್ಲೂ ಉಳಿದದ್ದು ಒಂದು ಬಾಗಿಲು, ಒಂದಿಷ್ಟು ಗೋಡೆ. ಆದ್ದರಿಂದ ಕಲ್ಲು ಬೀಳುತ್ತದೆ, ವರ್ಷವರ್ಷ ಬಿಚ್ಚಿ ಕಟ್ಟುವ ಚಪ್ಪರವೇ ಬಾಳುತ್ತದೆ ಎಂದು ಬರೆದುಬಿಡುವ ಆಸೆಯಾಗುತ್ತದೆ. ಭಾಷಣಕ್ಕೆ ಒಳ್ಳೆಯ ವಾಕ್ಯ, ಆದರೆ ಅಷ್ಟು ನಿಜವಲ್ಲ. ಕೊರೋನಾ ಬಂದ 2020ರಲ್ಲಿ ಮಾರ್ಚ್ 25ಕ್ಕೆ ಲಾಕ್‌ಡೌನ್ ಬಂತು, ಏಪ್ರಿಲ್ 2ಕ್ಕೆ ರಾಮನವಮಿ. ಮೈದಾನದಲ್ಲಿ ಜನ ಸೇರುವ ಹಾಗಿರಲಿಲ್ಲ. ಕರಗ ಬೀದಿಗೆ ಬರಲಿಲ್ಲ. ಆಮೇಲೆ ಉತ್ಸವ ಮರಳಿತು ನಿಜ, ಆದರೆ ಆ ಚೈತ್ರದಲ್ಲಿ ಕಂಠ ತುಂಬಿ ಹಾಡಬೇಕಾಗಿದ್ದವರ ಆ ಸಂಜೆಗಳು ಮುಂದೂಡಲ್ಪಟ್ಟದ್ದಲ್ಲ, ಹುಟ್ಟಲೇ ಇಲ್ಲ. ಪರಂಪರೆ ತಾನಾಗಿ ಉಳಿಯುವ ವಸ್ತುವಲ್ಲ. ಬೊಂಬು ಕಟ್ಟುವವರಿಂದ ಹಿಡಿದು ಶ್ರುತಿ ಕೂಡಿಸುವವರವರೆಗೆ ಆ ವರ್ಷ ಬದುಕಿದ್ದು, ಬಂದು ಸೇರಿದವರು ಮಾಡಿದ್ದಷ್ಟೇ ಇರುತ್ತದೆ.

ಆದ್ದರಿಂದ ನನ್ನ ಓಟು ನೈಯಾಯಿಕರಿಗೆ. ಮೊಬೈಲಿನಲ್ಲಿ ಹಿಡಿದಿಟ್ಟುಕೊಂಡರೆ ಆಯಿತಲ್ಲ ಅನ್ನುವವರಿಗೆ ನನ್ನದೇನೂ ತಕರಾರಿಲ್ಲ, ಹಿಂದಿನ ಸಾಲಿನವರ ಕಣ್ಣಿಗೆ ಅಡ್ಡ ಹಿಡಿಯದಿದ್ದರೆ ಸಾಕು. ತಕರಾರು ಇರುವುದು ಇನ್ನೊಂದು ಪಂಗಡದ ಮೇಲೆ. ಹಾಡು ನಿಂತು ಮೃದಂಗದವರು ತಾವೇ ನುಡಿಸುವ ತನಿ ಆವರ್ತನ ಶುರುವಾದದ್ದೇ ತಡ, ತಮಗೇ ಬಿಡುವು ಸಿಕ್ಕಿತೇನೋ ಎಂಬಂತೆ ಸಾಲು ಸಾಲಾಗಿ ಎದ್ದು ಕಾಫಿಗೆ ಹೊರಡುತ್ತಾರಲ್ಲ, ಅವರು. ಎರಡು ಗಂಟೆ ಇನ್ನೊಬ್ಬರ ಹಾಡಿಗೆ ಹೊಂದಿಕೊಂಡು ನುಡಿಸಿದವರಿಗೆ ಸಿಗುವುದು ಆ ಹತ್ತು ಹದಿನೈದು ನಿಮಿಷ. ನಾಳೆ ಇನ್ನೊಂದು ಊರಿನಲ್ಲಿ ಅದೇ ತಾಳಕ್ಕೆ ಅವರೇ ಕೂತರೂ ಬೇರೆಯದನ್ನೇ ನುಡಿಸುತ್ತಾರೆ. ಮುಂದಿನ ಚೈತ್ರದಲ್ಲಿ ಕೋಟೆ ಹೈಸ್ಕೂಲಿಗೆ ಹೋದರೆ ತನಿ ಮುಗಿಯುವ ತನಕ ದಯವಿಟ್ಟು ಕೂತಿರಿ. ಕಾಫಿ ಆಮೇಲೂ ಸಿಗುತ್ತದೆ.