ಇಂದಿನ ಚಿಂತನೆ: ರಿಸರ್ವಿಗೆ ಬಿದ್ದ ಗಾಡಿ



ಇವತ್ತಿನದು ಸಣ್ಣ ವಿಷಯ: ಬೈಕಿಗೆ ಪೆಟ್ರೋಲ್ ಯಾವಾಗ, ಎಲ್ಲಿ ಹಾಕಿಸಬೇಕು? ಇದರಲ್ಲಿ ಧಮ್ಮ ಏನು ಬಂತು ಎನ್ನಬೇಡಿ. ನಾನು ಕಲಿತ ಪಾಠಕ್ಕೆ ಬೆಲೆ ತೆತ್ತವರು ಬೇರೆಯವರು.

ನನ್ನ ಮನೆ ಬ್ಯಾಡಗಿ, ಕೆಲಸ ರಾಣೆಬೆನ್ನೂರಿನ ಬೀಜದ ಅಂಗಡಿಯಲ್ಲಿ. ದಿನಾ ಮೋಟೆಬೆನ್ನೂರಿಗೆ ಬಂದು ಹೆದ್ದಾರಿ ಹಿಡಿಯುತ್ತೇನೆ. ಗಾಡಿ ಹಳೆಯದು. ಪೆಟ್ರೋಲ್ ಕಡಿಮೆಯಾದರೆ ಒಮ್ಮೆ ಮುಗ್ಗರಿಸುತ್ತದೆ. ಟ್ಯಾಂಕಿನ ಕೆಳಗಿನ ಕಾಕನ್ನು ರಿಸರ್ವಿಗೆ ತಿರುಗಿಸಿದರೆ ಮತ್ತೆ ಓಡುತ್ತದೆ. ಆ ಮುಗ್ಗರಿಕೆಯೇ ಎಚ್ಚರಿಕೆ. ಅದು ಬರುವುದು ಒಂದೇ ಸಲ.

ಒಂದು ಶುಕ್ರವಾರ ಸಂಜೆ ಬರುವಾಗ ಗಾಡಿ ರಿಸರ್ವಿಗೆ ಬಿತ್ತು. ಬಂಕ್ ಹೆದ್ದಾರಿಯ ಆ ಬದಿಗಿತ್ತು. ಸುತ್ತು ಹಾಕಿ ಯಾರು ಹೋಗುತ್ತಾರೆ ಎಂದು ಮನೆಗೆ ಬಂದೆ. "ಊರಾಗ ಹಾಕಿಸಿ ಬರ್ತೇನವ್ವ" ಅಂದಾಗ ಅವ್ವ, "ಶುಕ್ರವಾರ ದೀಪ ಹಚ್ಚಿದ ಮ್ಯಾಲೆ ರೊಕ್ಕ ಹೊರಗ ಕೊಡಬಾರದಪಾ" ಅಂದಳು. ನಾನು ನಕ್ಕೆ. ದೀಕ್ಷೆ ತಗೊಂಡು ಇಷ್ಟು ವರ್ಷ ಆಯ್ತು, ಇನ್ನೂ ಲಕ್ಷ್ಮಿ ಹೊಂಟು ಹೋಗ್ತಾಳಂತ ಅಂಜತೀಯಲ್ಲ ಎಂದು ಭಾಷಣ ಮಾಡಿದೆ. ಭಾಷಣ ಮುಗಿಸಿ ಮಲಗಿದೆ. ಪೆಟ್ರೋಲ್ ಹಾಕಿಸಲಿಲ್ಲ. ಶನಿವಾರವೂ 'ಇನ್ನೂ ಓಡುತ್ತದೆ' ಎಂದು ಲೆಕ್ಕ ಹಾಕಿದೆ.

ಭಾನುವಾರ ನಮ್ಮ ಓಣಿಯ ಹುಡುಗಿಗೆ ಹಾವೇರಿಯಲ್ಲಿ ಸರಕಾರಿ ನೌಕರಿಯ ಪರೀಕ್ಷೆ. ಹಗಲು ಮೆಣಸಿನಕಾಯಿ ತೊಟ್ಟು ಮುರಿಯುವ ಕೆಲಸ ಮಾಡಿ ರಾತ್ರಿ ಓದಿದವಳು. "ಬಸ್ ಯಾಕ, ನಾ ಬಿಡ್ತೇನಿ" ಎಂದು ಮೊದಲೇ ಮಾತು ಕೊಟ್ಟಿದ್ದೆ. ಅವಳು ನನ್ನ ಮಾತು ನಂಬಿ ಬಸ್ ಬಿಟ್ಟಳು. ಮೋಟೆಬೆನ್ನೂರು ಇನ್ನೂ ದೂರವಿರುವಾಗಲೇ ಗಾಡಿ ಮುಗ್ಗರಿಸಿತು. ಕೈ ಕಾಕಿಗೆ ಹೋಯಿತು. ಅದು ಆಗಲೇ ರಿಸರ್ವಿನಲ್ಲಿತ್ತು.

ಬಂದ ಗಾಡಿಗೆ ಕೈಮಾಡಿ ಅವಳನ್ನು ಕಳಿಸಿದೆ. ಅವಳು ಮುಟ್ಟುವಷ್ಟರಲ್ಲಿ ಗೇಟು ಮುಚ್ಚಿತ್ತು. ಸಂಜೆ ಅವರ ಮನೆಗೆ ಹೋದಾಗ, "ಇರ್ಲಿ ಬಿಡ್ರಿ ಕಾಕಾ, ಮುಂದಿನ ಸಲ ಬರೀತೇನಿ" ಅಂದಳು. ಅವಳ ಅವ್ವ ಏನೂ ಅನ್ನದೆ ಚಹಾ ಕೊಟ್ಟಳು. ಅದು ಗಂಟಲಲ್ಲಿ ಇಳಿಯಲಿಲ್ಲ.

ಅವ್ವ ನಂಬಿಕೆಯಿಂದ ಬೇಡ ಅಂದಳು, ನಾನು ಆಲಸ್ಯದಿಂದ ಬಿಟ್ಟೆ. ಟ್ಯಾಂಕಿಗೆ ಎರಡೂ ಒಂದೇ.

1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಕೊಟ್ಟ 22 ಪ್ರತಿಜ್ಞೆಗಳಲ್ಲಿ ಬಿಡಬೇಕಾದದ್ದೂ ಇದೆ, ಪಾಲಿಸಬೇಕಾದದ್ದೂ ಇದೆ. ನಾನು ಬಿಡುವುದನ್ನಷ್ಟೇ ಕಲಿತಿದ್ದೆ. ಐದನೆಯ ಶೀಲದಲ್ಲಿ ಮದ್ಯ ಬೇಡ ಎನ್ನುವುದಕ್ಕೆ ಕಾರಣವೂ ಅದರ ಪಾಲಿ ಮಾತಿನಲ್ಲೇ ಇದೆ: ಅದು ಪಮಾದಕ್ಕೆ, ಅಂದರೆ ಮೈಮರೆವಿಗೆ ನೆಲೆ. ನಾನು ಕುಡಿಯುವವನಲ್ಲ. ಕುಡಿಯದೆಯೇ ಮೈಮರೆತಿದ್ದೆ. ಭಗವಾನರು ಕುಸಿನಾರದಲ್ಲಿ ಕೊನೆಯದಾಗಿ ಭಿಕ್ಖುಗಳಿಗೆ ನೆನಪಿಸಿದ್ದೂ ಅಪ್ಪಮಾದವನ್ನೇ, ಎಚ್ಚರವನ್ನೇ.

'ಎಲ್ಲಿ' ಎನ್ನುವುದಕ್ಕೂ ಇದೇ ಉತ್ತರ. 100 ರೂಪಾಯಿಗೆ ಹಾಕಿಸಿದರೆ ಮೋಸ, 110 ಎಂದರೆ ಮೋಸವಿಲ್ಲ ಎಂಬ ಮಾತು ನಮ್ಮ ಗ್ರೂಪುಗಳಲ್ಲೂ ಸುತ್ತುತ್ತದೆ. ಅದೂ ಶುಕ್ರವಾರದ ತಮ್ಮನೇ. ಮೀಟರಿನ ಸೊನ್ನೆ ನೋಡಿ. ಅನುಮಾನವಿದ್ದರೆ ಬಂಕಿನಲ್ಲಿರುವ 5 ಲೀಟರಿನ ಮುದ್ರೆಯ ಅಳತೆಯಲ್ಲಿ ಅಳೆದು ತೋರಿಸಿ ಎಂದು ಕೇಳಿ. ಕೇಳುವ ಹಕ್ಕು ನಮಗಿದೆ.

ಈಗ ಟ್ಯಾಂಕ್ ಅರ್ಧವಾದಾಗಲೇ, ನಾನು ಹೋಗುವ ಬದಿಯ ಬಂಕಿನಲ್ಲೇ ಹಾಕಿಸುತ್ತೇನೆ. ಹಾಕಿಸಿದ ಕೂಡಲೇ ಕಾಕನ್ನು ರಿಸರ್ವಿನಿಂದ ಹಿಂದಕ್ಕೆ ತಿರುಗಿಸುತ್ತೇನೆ. ಇಲ್ಲದಿದ್ದರೆ ಮುಂದಿನ ಸಲ ಎಚ್ಚರಿಕೆಯೇ ಬರುವುದಿಲ್ಲ. ಅರ್ಧ ಟ್ಯಾಂಕು ನನ್ನ ಓಡಾಟಕ್ಕೆ ಸಾಕು. ಉಳಿದರ್ಧ, ಯಾವ ಹೊತ್ತಿನಲ್ಲಿ ಯಾರು ಬಾಗಿಲು ತಟ್ಟುತ್ತಾರೋ ಅವರದು.

ಇಂದು ನಮ್ಮನ್ನು ನಾವು ಕೇಳಿಕೊಳ್ಳೋಣ: ಹಳೆಯ ನಂಬಿಕೆಯನ್ನು ಬಿಟ್ಟ ಜಾಗದಲ್ಲಿ ನಾನು ಏನನ್ನು ಇಟ್ಟಿದ್ದೇನೆ?

ಸಬ್ಬೇ ಸತ್ತಾ ಸುಖೀ ಹೋಂತು. ಜೈ ಭೀಮ್.